ವೃತ್ತ ಕತ್ತರಿಸುವ ಜಿಗ್ (ಬ್ಯಾಂಡ್‌ಸಾ)

ವೃತ್ತ ಕತ್ತರಿಸುವ ಜಿಗ್ ಎಂಬುದು ಬ್ಯಾಂಡ್‌ಸಾ ಯಂತ್ರದ ಮೇಜಿನ ಮೇಲೆ ಕೂರಿಸಿ, ಹಲಗೆ ಅಥವಾ ಪ್ಲೈವುಡ್ಡನ್ನು ನಿಖರವಾದ ವೃತ್ತಾಕಾರದಲ್ಲಿ ಕತ್ತರಿಸಲು ಬಳಸುವ ಸಹಾಯಕ ಸಾಧನ. ಕೈವಾರದಲ್ಲಿ ಮುಳ್ಳು ನಿಂತು ಸೀಸದ ಕಡ್ಡಿ ಸುತ್ತುತ್ತದೆ. ಇಲ್ಲಿ ಮುಳ್ಳೂ ಗರಗಸವೂ ನಿಂತಲ್ಲೇ ನಿಂತು ಮರವೇ ಸುತ್ತುತ್ತದೆ. ಚಪಾತಿ ಮಣೆ, ಸ್ಟೂಲಿನ ಮೇಲುಹಲಗೆ, ದುಂಡುಮೇಜು, ಗಡಿಯಾರದ ಫಲಕ, ಕೇಬಲ್ ಸುತ್ತುವ ಮರದ ಉರುಳೆಯ ಅಂಚುತಟ್ಟೆ, ಎರಕದ ಕೆಲಸಕ್ಕೆ ಬೇಕಾದ ಮರದ ಮಾದರಿಗಳು ಮುಂತಾದವುಗಳನ್ನು ಇದರಿಂದ ತಯಾರಿಸಬಹುದು. ಸಿದ್ಧ ಜಿಗ್‌ಗಳು ಮಾರಾಟಕ್ಕೆ ದೊರೆಯುತ್ತವೆಯಾದರೂ, ಒಂದು ತುಂಡು ಪ್ಲೈವುಡ್, ಒಂದು ರೀಪರ್ ಮತ್ತು ಒಂದು ಮೊಳೆಯಿಂದ ಕಾರ್ಯಾಗಾರದಲ್ಲಿಯೇ ಮಾಡಿಕೊಳ್ಳುವುದು ಹೆಚ್ಚು ರೂಢಿಯಲ್ಲಿದೆ. ಕೈಯಿಂದ ಮಾಡಿದ ಜಿಗ್ ಆಯಾ ಯಂತ್ರಕ್ಕೆ ಹೊಂದಿಕೊಂಡಿರುವುದರಿಂದ ಬಹುಪಾಲು ಸಂದರ್ಭಗಳಲ್ಲಿ ಅದೇ ಮೇಲು.

ಹಿನ್ನೆಲೆ

ಎರಡು ಚಕ್ರಗಳ ಮೇಲೆ ಸುತ್ತುವ ಕೊನೆಯಿಲ್ಲದ ಉಕ್ಕಿನ ಪಟ್ಟಿಯಿಂದ ಮರ ಕೊಯ್ಯುವ ಕಲ್ಪನೆಗೆ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 19ನೆಯ ಶತಮಾನದ ಮೊದಲ ದಶಕದಲ್ಲಿಯೇ ಪೇಟೆಂಟ್ ಪಡೆದಿದ್ದನು. ಆದರೆ ಪಟ್ಟಿಯ ಎರಡು ತುದಿಗಳನ್ನು ಬಾಳಿಕೆ ಬರುವಂತೆ ಬೆಸೆಯುವ ವಿಧಾನ ತಿಳಿಯದೆ ಯಂತ್ರ ಬಳಕೆಗೆ ಬರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಾಂ ಎಂಬ ಮಹಿಳೆ ಬೆಸುಗೆಯ ತೊಡಕನ್ನು ಬಿಡಿಸಿದ ನಂತರವೇ ಬ್ಯಾಂಡ್‌ಸಾ ಕಾರ್ಯಾಗಾರಗಳನ್ನು ಪ್ರವೇಶಿಸಿತು. ಪಟ್ಟಿ ಕಿರಿದಾಗಿರುವುದರಿಂದ ಈ ಯಂತ್ರ ವಕ್ರರೇಖೆಗಳನ್ನು ಕತ್ತರಿಸಬಲ್ಲದು. ದುಂಡು ಗರಗಸದ ಯಂತ್ರಕ್ಕೆ ಅದು ಸಾಧ್ಯವಿಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಪಟ್ಟಣಗಳ ಸಾಮಿಲ್ಲುಗಳಲ್ಲಿ ದಿಮ್ಮಿ ಸೀಳುವ ದೊಡ್ಡ ಬ್ಯಾಂಡ್‌ಸಾಗಳು ಪರಿಚಿತ. ಜಿಗ್ ಬಳಕೆಯಾಗುವುದು ಅವುಗಳ ಮೇಲಲ್ಲ, ಪೀಠೋಪಕರಣ ತಯಾರಿಸುವ ಬಡಗಿಗಳ ಚಿಕ್ಕ ಯಂತ್ರಗಳ ಮೇಲೆ. 2007ರವರೆಗೆ ಇದೇ ಜಿಲ್ಲೆಗೆ ಸೇರಿದ್ದು ಈಗ ರಾಮನಗರದ ಕಡೆಗಿರುವ ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ದುಂಡಗಿನ ಭಾಗಗಳೇ ಹೆಚ್ಚು; ಆದರೆ ಅವು ಹಾಲೆ ಮರವನ್ನು ಚರಕಿಗೆ ಕೊಟ್ಟು ತಿರುಗಿಸಿ ಮಾಡಿದಂಥವು. ಅಂಗೈಯಗಲಕ್ಕಿಂತ ಚಿಕ್ಕದಾದ ಗಾಲಿಗೆ ಚರಕಿಯೇ ಸರಿ. ಚರಕಿಗೆ ಏರದಷ್ಟು ಅಗಲವಾದ, ತೆಳುವಾದ ತಟ್ಟೆಗಳಿಗೆ ಬ್ಯಾಂಡ್‌ಸಾ ಜಿಗ್ ಬೇಕಾಗುತ್ತದೆ.

ರೇಖಾಗಣಿತ

ಜಿಗ್ ಕೆಲಸ ಮಾಡುವುದು ಪ್ರೌಢಶಾಲೆಯ ವಿದ್ಯಾರ್ಥಿಗಳು ಬಲ್ಲ ಒಂದೇ ಪ್ರಮೇಯದ ಮೇಲೆ: ವೃತ್ತದ ಸ್ಪರ್ಶಕವು ಸ್ಪರ್ಶಬಿಂದುವಿನಲ್ಲಿ ಎಳೆದ ತ್ರಿಜ್ಯಕ್ಕೆ ಲಂಬವಾಗಿರುತ್ತದೆ. ಗರಗಸದ ಪಟ್ಟಿ ತನ್ನ ಮುಖದ ನೇರಕ್ಕೆ ಮಾತ್ರ ಕೊಯ್ಯಬಯಸುತ್ತದೆ. ಆ ನೇರವೇ ಸ್ಪರ್ಶಕ. ಆದ್ದರಿಂದ ಮರ ತಿರುಗುವ ಮುಳ್ಳು, ಹಲ್ಲಿನ ತುದಿಯಿಂದ ಪಟ್ಟಿಗೆ ಲಂಬವಾಗಿ ಎಳೆದ ರೇಖೆಯ ಮೇಲೆಯೇ ಇರಬೇಕು. ಪಟ್ಟಿಯ ನಡುವಿನಿಂದಲೋ ಬೆನ್ನಿನಿಂದಲೋ ಎಳೆದ ರೇಖೆ ಸಲ್ಲದು. ಮೊದಲ ಬಾರಿ ಜಿಗ್ ಮಾಡುವವರ ತಟ್ಟೆ ದುಂಡಗೆ ಬರದಿರಲು ಸಾಮಾನ್ಯ ಕಾರಣ ಇಷ್ಟೇ.

ಮುಳ್ಳು ಈ ರೇಖೆಗಿಂತ ಕೆಲಸಗಾರನ ಕಡೆಗೆ ಸರಿದಿದ್ದರೆ ಪಟ್ಟಿ ಒಳಮುಖವಾಗಿ, ಅಂದರೆ ಕೇಂದ್ರದ ಕಡೆಗೆ ಎಳೆಯುತ್ತದೆ. ಆಚೆಗೆ ಸರಿದಿದ್ದರೆ ಹೊರಮುಖವಾಗಿ ಎಳೆಯುತ್ತದೆ. ಮುಳ್ಳು ಅದನ್ನು ತಡೆಯುವುದರಿಂದ ಪಟ್ಟಿ ಬಾಗಿ, ಅಂಚು ಓರೆಯಾಗಿ, ಕೊನೆಗೆ ಸುತ್ತು ಮುಗಿಯುವಲ್ಲಿ ಒಂದು ಮೆಟ್ಟಿಲು ಉಳಿಯುತ್ತದೆ. ದೋಷದ ಪ್ರಮಾಣ ತ್ರಿಜ್ಯವನ್ನು ಅವಲಂಬಿಸಿದೆ. 150 ಮಿ.ಮೀ. ತ್ರಿಜ್ಯದ ತಟ್ಟೆಗೆ ಮುಳ್ಳು 3 ಮಿ.ಮೀ. ಸರಿದರೆ ಪಟ್ಟಿಯ ಮೇಲೆ ಸುಮಾರು 1.15 ಡಿಗ್ರಿಯಷ್ಟು ಓರೆ ಬೀಳುತ್ತದೆ, 600 ಮಿ.ಮೀ. ತ್ರಿಜ್ಯದ ಮೇಜಿಗೆ ಅದೇ ತಪ್ಪು 0.3 ಡಿಗ್ರಿಯನ್ನೂ ಮುಟ್ಟುವುದಿಲ್ಲ. ದೊಡ್ಡ ಮೇಜನ್ನು ಅಂದವಾಗಿ ಕೊಯ್ದ ಜಿಗ್ ಚಪಾತಿ ಮಣೆಯಲ್ಲಿ ಕೈಕೊಡುವುದು ಇದರಿಂದಲೇ.

ಕೆಲವು ಯಂತ್ರಗಳಲ್ಲಿ ಪಟ್ಟಿ ಮೇಜಿನ ತೋಡಿಗೆ ಸಮಾನಾಂತರವಾಗಿ ಕೊಯ್ಯದೆ ಒಂದು ಪಕ್ಕಕ್ಕೆ ವಾಲುತ್ತದೆ. ಹಲ್ಲು ಒಂದು ಕಡೆ ಮೊಂಡಾಗಿರುವುದು, ಬಿಗಿತ ಸಾಲದಿರುವುದು ಅಥವಾ ಪಟ್ಟಿ ಚಕ್ರದ ಮೇಲೆ ಸರಿಯಾಗಿ ಕೂರದಿರುವುದು ಇದಕ್ಕೆ ಕಾರಣ. ಜಿಗ್ಗಿಗೆ ಕೈ ಹಾಕುವ ಮೊದಲು ಇದನ್ನು ಸರಿಪಡಿಸಿಕೊಳ್ಳಬೇಕು.

ತಯಾರಿಕೆ

ತಳಹಲಗೆಗೆ 18 ಮಿ.ಮೀ. ದಪ್ಪದ, ಸೊಟ್ಟವಿಲ್ಲದ ಪ್ಲೈವುಡ್ ಸೂಕ್ತ. ಅದರ ಅಡಿಯಲ್ಲಿ, ಯಂತ್ರದ ಮೇಜಿನ ತೋಡಿನಲ್ಲಿ ಅಲುಗಾಡದೆ ಜಾರುವಂತೆ ಹತ್ತರಿ ಹೊಡೆದ ಗಟ್ಟಿಮರದ ರೀಪರನ್ನು ತಿರುಪು ಮೊಳೆಗಳಿಂದ ಕೂರಿಸಲಾಗುತ್ತದೆ. ತೇಗ ಇದಕ್ಕೆ ಒಳ್ಳೆಯದು. ಮಳೆಗಾಲದಲ್ಲಿ ಉಬ್ಬುವ ಮರ ಬೇಡ. ರೀಪರಿಗೆ ಸ್ವಲ್ಪ ಮೇಣ ಸವರಿದರೆ ಸಲೀಸಾಗಿ ಓಡುತ್ತದೆ.

ನಂತರ ಯಂತ್ರ ಚಾಲೂ ಮಾಡಿ ತಳಹಲಗೆಯನ್ನು ಪಟ್ಟಿಯೊಳಕ್ಕೆ ಸುಮಾರು ಅರ್ಧದವರೆಗೆ ನೂಕಿ, ಅಲ್ಲಿಯೇ ಬಿಟ್ಟು ಯಂತ್ರ ನಿಲ್ಲಿಸಬೇಕು. ಈಗ ಹಲ್ಲಿನ ತುದಿ ಎಲ್ಲಿ ನಿಂತಿದೆಯೋ ಅಲ್ಲಿಂದ, ಗರಗಸದ ಜಾಡಿಗೆ ಮೂಲೆಮಟ್ಟ ಹಿಡಿದು ಬಲಕ್ಕೆ ಲಂಬರೇಖೆ ಎಳೆಯಲಾಗುತ್ತದೆ. ಇಡೀ ಜಿಗ್ಗಿನ ಪ್ರಾಣ ಈ ಗೆರೆಯಲ್ಲಿದೆ. ತಳಹಲಗೆಯನ್ನು ಕದಲಿಸದೆ, ಅದರ ಅಡಿಯಲ್ಲಿ ಕೆಲಸಗಾರನ ಕಡೆಯ ಅಂಚಿಗೆ, ಮೇಜಿನ ಮುಂದಂಚಿಗೆ ತಾಗುವಂತೆ ಒಂದು ತಡೆಗಟ್ಟೆಯನ್ನು ಹೊಡೆಯಬೇಕು. ತಡೆಗಟ್ಟೆಯಲ್ಲಿ ಒಂದು ಬೋಲ್ಟ್ ಇಟ್ಟುಕೊಂಡರೆ ಬೇರೆ ಅಗಲದ ಪಟ್ಟಿ ಹಾಕಿದಾಗ ಹಲ್ಲಿನ ಸ್ಥಾನಕ್ಕೆ ತಕ್ಕಂತೆ ಹೊಂದಿಸಬಹುದು.

ಲಂಬರೇಖೆಯ ಉದ್ದಕ್ಕೂ ತೋಡು ಕೊರೆದು ಅದರಲ್ಲಿ ಜಾರುವ ಪಟ್ಟಿಯೊಂದನ್ನು ಇಡಲಾಗುತ್ತದೆ. ಅದರ ತುದಿಯಲ್ಲಿ 3 ಅಥವಾ 4 ಮಿ.ಮೀ. ದಪ್ಪದ, ತಲೆ ತೆಗೆದ ಮೊಳೆ ಮೇಲ್ಮುಖವಾಗಿ 6 ಮಿ.ಮೀ. ನಿಂತಿರುತ್ತದೆ. ತ್ರಿಜ್ಯವನ್ನು ಅಳೆಯುವಾಗ ಮುಳ್ಳಿನ ಕೇಂದ್ರದಿಂದ, ಮುಳ್ಳಿನ ಕಡೆಗೆ ಬಾಗಿದ ಹಲ್ಲಿನವರೆಗೆ ಅಳೆಯಬೇಕು. ಹಲ್ಲುಗಳು ಎಡಬಲಕ್ಕೆ ಬಾಗಿರುವುದರಿಂದ ಪಟ್ಟಿಯ ಮೈಯಿಂದ ಅಳೆದರೆ ತಟ್ಟೆ ಚಿಕ್ಕದಾಗುತ್ತದೆ.

ಬಳಕೆ

ಚೌಕಾಕಾರದ ಹಲಗೆಯ ಕೆಳಮುಖದ ನಡುವೆ, ಆರಪಾರವಾಗದಂತೆ, ಮುಳ್ಳಿಗೆ ಬಿಗಿಯಾಗುವ ತೂತು ಕೊರೆಯಲಾಗುತ್ತದೆ. ತೂತು ಸಡಿಲವಾಗಿದ್ದರೆ ಸುತ್ತಿನ ಆದಿ ಅಂತ್ಯಗಳು ಕೂಡುವುದಿಲ್ಲ. ಹಲಗೆಯನ್ನು ಮುಳ್ಳಿಗೆ ಸಿಕ್ಕಿಸಿ, ಜಿಗ್ಗನ್ನು ಹಿಂದಕ್ಕೆ ಎಳೆದುಕೊಂಡು ಯಂತ್ರ ಚಾಲೂ ಮಾಡಿ, ಹಲಗೆ ತಿರುಗದಂತೆ ಹಿಡಿದು ತಡೆಗಟ್ಟೆ ತಾಗುವವರೆಗೆ ನೇರವಾಗಿ ನೂಕಬೇಕು. ಆ ಕ್ಷಣದಲ್ಲಿ ಮುಳ್ಳು ಹಲ್ಲಿನ ರೇಖೆಗೆ ಬಂದಿರುತ್ತದೆ. ಜಿಗ್ಗನ್ನು ಅಲ್ಲಿಯೇ ಕ್ಲಾಂಪಿನಿಂದ ಹಿಡಿಸಿ, ಹಲಗೆಯನ್ನು ಪ್ರದಕ್ಷಿಣವಾಗಿ, ಅವಸರವಿಲ್ಲದೆ ಒಂದು ಸುತ್ತು ತಿರುಗಿಸಿದರೆ ತಟ್ಟೆ ಬೇರ್ಪಡುತ್ತದೆ. ಅಂಚಿಗೆ ಉಪ್ಪುಕಾಗದ ಹಿಡಿದರೆ ಸಾಕು.

ಪಟ್ಟಿಯ ಅಗಲವನ್ನು ತ್ರಿಜ್ಯಕ್ಕೆ ತಕ್ಕಂತೆ ಆರಿಸಿಕೊಳ್ಳಬೇಕು. ಸಾಮಾನ್ಯವಾಗಿ 6 ಮಿ.ಮೀ. ಪಟ್ಟಿ ಸುಮಾರು 16 ಮಿ.ಮೀ. ತ್ರಿಜ್ಯದವರೆಗೂ, 10 ಮಿ.ಮೀ. ಪಟ್ಟಿ ಸುಮಾರು 37 ಮಿ.ಮೀ.ವರೆಗೂ, 13 ಮಿ.ಮೀ. ಪಟ್ಟಿ ಸುಮಾರು 64 ಮಿ.ಮೀ.ವರೆಗೂ ತಿರುಗಬಲ್ಲದು. ಮುಳ್ಳು ಯಂತ್ರದ ಕಂಬಕ್ಕೆ ಎದುರು ಬದಿಯಲ್ಲಿರುವುದರಿಂದ ತಟ್ಟೆಯ ಗಾತ್ರಕ್ಕೆ ಕಂಬ ಅಡ್ಡಿಯಾಗದು. ಆದರೆ ದೊಡ್ಡ ಹಲಗೆ ಮೇಜಿನಿಂದ ಹೊರಚಾಚಿ ಜೋಲುವುದರಿಂದ ಅದರಡಿ ಪ್ರತ್ಯೇಕ ಆಸರೆ ಬೇಕು.

ಸುರಕ್ಷತೆ

ಮೇಲಿನ ಕಾಪು ಹಲಗೆಯ ಮೇಲ್ಮೈಯಿಂದ 5 ಮಿ.ಮೀ. ಆಸುಪಾಸಿನಲ್ಲಿರಬೇಕು. ಹಲಗೆ ತಿರುಗುವಾಗ ಅದನ್ನು ಹಿಡಿದ ಕೈಯೂ ಜೊತೆಗೆ ಸುತ್ತುತ್ತ ಪಟ್ಟಿಯ ಕಡೆಗೆ ಸಾಗುತ್ತದೆ ಎಂಬುದೇ ಈ ಕೆಲಸದ ವಿಶೇಷ ಅಪಾಯ. ನೇರ ಕೊಯ್ತದ ಅಭ್ಯಾಸವಿರುವವರು ಇದನ್ನು ಬೇಗ ಮರೆಯುತ್ತಾರೆ. ಪ್ರತಿ ಕಾಲುಸುತ್ತಿಗೊಮ್ಮೆ ಹಲಗೆ ನಿಲ್ಲಿಸಿ ಕೈ ಬದಲಿಸಿಕೊಳ್ಳಬೇಕು. ಪಟ್ಟಿ ಓಡುತ್ತಿರುವಾಗ ಹಲಗೆಯನ್ನು ಹಿಂದಕ್ಕೆ ಎಳೆದರೆ ಪಟ್ಟಿ ಚಕ್ರದಿಂದ ಕಳಚಬಹುದು. ಕೈಗವಸು, ಹೆಗಲ ಮೇಲಿನ ಟವೆಲ್, ಜೋಲುವ ಸೆರಗು ಸಲ್ಲವು. ಪ್ಲೈವುಡ್ಡಿನ ಧೂಳಿನಲ್ಲಿ ಅಂಟಿನ ಕಣಗಳಿರುವುದರಿಂದ ಮೂಗುಮುಚ್ಚುವ ಮಾಸ್ಕ್ ಅಗತ್ಯ.

ಕಮಾನು ತುಂಡುಗಳು

ಮುಳ್ಳು ಹಲಗೆಯೊಳಗೇ ಇರಬೇಕೆಂದಿಲ್ಲ. ಉದ್ದನೆಯ ತೋಳಿನ ಒಂದು ತುದಿಗೆ ಹಲಗೆಯನ್ನು ಬಿಗಿದು, ಇನ್ನೊಂದು ತುದಿಯನ್ನು ದೂರದ ಮುಳ್ಳಿಗೆ ಸಿಕ್ಕಿಸಿದರೆ ವೃತ್ತದ ಒಂದು ಭಾಗವನ್ನಷ್ಟೇ ಕತ್ತರಿಸಬಹುದು. ಎತ್ತಿನ ಗಾಡಿಯ ಮರದ ಚಕ್ರದ ಹೊರಬಳೆ ಇಂಥ ಕಮಾನು ತುಂಡುಗಳ ಜೋಡಣೆ. ಕರಿಜಾಲಿಯಂಥ ಗಟ್ಟಿಮರದಲ್ಲಿ ಗೆರೆ ಹಾಕಿ ಬಾಚಿ, ಉಳಿಗಳಿಂದ ಕೆತ್ತಿ, ಮೇಲೆ ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸುವುದು ಹಳೆಯ ಕ್ರಮ. ರಬ್ಬರ್ ಟೈರಿನ ಗಾಡಿಗಳು ಬಂದ ಮೇಲೆ ಈ ಕಸುಬು ಕ್ಷೀಣಿಸಿದೆ. ಕಮಾನಿನ ಒಳ ಹೊರ ಅಂಚುಗಳಿಗೆ ಮುಳ್ಳನ್ನು ಎರಡು ಬೇರೆ ದೂರಗಳಲ್ಲಿಟ್ಟು ಎರಡು ಬಾರಿ ಕೊಯ್ಯಬೇಕಾಗುತ್ತದೆ. ಮೊದಲು ಹೊರ ಅಂಚನ್ನು ಕೊಯ್ದರೆ ತುಂಡನ್ನು ಬಿಗಿಹಿಡಿಯಲು ಒಳಭಾಗದ ಮರ ಉಳಿದಿರುತ್ತದೆ.

ಪರವಾನಗಿ

ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ನೀಡಿದ ಆದೇಶದ ನಂತರ ದೇಶದಲ್ಲಿ ಮರ ಸೀಳುವ ಗಿರಣಿಗಳ ಮೇಲಿನ ನಿಯಂತ್ರಣ ಬಿಗಿಯಾಯಿತು. ಕಾರ್ಯಾಗಾರಕ್ಕೆ ಬ್ಯಾಂಡ್‌ಸಾ ಕೊಳ್ಳುವವರು ಯಂತ್ರದ ಗಾತ್ರ ಮತ್ತು ಬಳಕೆಯನ್ನು ತಿಳಿಸಿ, ಪರವಾನಗಿಯ ಅಗತ್ಯವಿದೆಯೇ ಎಂಬುದನ್ನು ಆಯಾ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಸೂಕ್ತ.