ಶವರ್‌ನ ರಭಸ ತಾರಸಿಯಲ್ಲಿದೆ

ಶವರ್‌ನಲ್ಲಿ ನೀರು ಎಷ್ಟು ರಭಸವಾಗಿ ಬೀಳುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಟ್ಯಾಂಕಿನ ನೀರಿನ ಮಟ್ಟಕ್ಕೂ ಶವರ್‌ಗೂ ನಡುವಿನ ಎತ್ತರ. ಆ ಅಂತರ 10 ಮೀಟರ್ ಇದ್ದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ ಸಿಗುತ್ತದೆ. ಒಂದು ಮೀಟರ್ ಇದ್ದರೆ ಅದರ ಹತ್ತನೇ ಒಂದು ಪಾಲು. ಟ್ಯಾಂಕು 500 ಲೀಟರಿನದೋ 2,000 ಲೀಟರಿನದೋ ಎಂಬುದಕ್ಕೂ ಒತ್ತಡಕ್ಕೂ ಸಂಬಂಧವಿಲ್ಲ. ದೊಡ್ಡ ಟ್ಯಾಂಕು ಹಾಕಿಸಿದರೆ ನೀರು ಜೋರಾಗಿ ಬರುತ್ತದೆಂದು ನಂಬಿ ಹಣ ಸುರಿದವರು ಬಹಳ ಮಂದಿ.

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಂಥ ಊರಿನ ಒಂದಂತಸ್ತಿನ ಮೋಲ್ಡಿಂಗ್ ಮನೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ತಾರಸಿ ನೆಲದಿಂದ ಹತ್ತು ಅಡಿ, ಅದರ ಮೇಲೆ ಎರಡು ಅಡಿ ಇಟ್ಟಿಗೆ ಕಟ್ಟೆ, ಕಟ್ಟೆಯ ಮೇಲೆ ಸಿಂಟೆಕ್ಸ್ ಟ್ಯಾಂಕು. ಶವರ್ ಇರುವುದು ಏಳು ಅಡಿಯಲ್ಲಿ. ಟ್ಯಾಂಕಿನ ತಳಕ್ಕೂ ಶವರ್‌ಗೂ ಉಳಿದದ್ದು ಐದೇ ಅಡಿ, ಅಂದರೆ ಒಂದೂವರೆ ಮೀಟರ್. ಟ್ಯಾಂಕು ತುಂಬಿದ್ದಾಗ ಒಳಗಿನ ಒಂದು ಮೀಟರ್ ನೀರೂ ಸೇರಿ ಎರಡೂವರೆ ಮೀಟರ್ ಆಗುತ್ತದೆ. ಬೆಳಿಗ್ಗೆ ಮೊದಲು ಸ್ನಾನಕ್ಕೆ ಹೋದವರಿಗೆ ಪರವಾಗಿಲ್ಲ ಎನ್ನಿಸುವ ನೀರು, ಕೊನೆಯವರ ಪಾಲಿಗೆ ಸಣ್ಣಗಾಗುವುದು ಇದರಿಂದಲೇ. ಅಂಗಡಿಯ ಹೊಳೆಯುವ ಅಗಲ ಶವರ್‌ಗಳು ಇದರ ನಾಲ್ಕೈದು ಪಟ್ಟು ಒತ್ತಡ ಬೇಡುವಂಥವು. ಅಂಥದನ್ನು ಈ ಮನೆಗೆ ಕೂರಿಸಿದರೆ ನೂರಾರು ರಂಧ್ರಗಳಿಗೆ ಹಂಚಿಹೋದ ನೀರು ಗೋಡೆ ಹಿಡಿದು ಇಳಿಯುತ್ತದೆ.

ಎತ್ತರದ ಈ ನಿಯಮ ಈ ಸೀಮೆಗೆ ಹೊಸದಲ್ಲ. ಕೆರೆ ತಗ್ಗಿನಲ್ಲಿದ್ದುದರಿಂದ ಕೆಜಿಎಫ್ ಗಣಿಗಳ ಜನಕ್ಕೆ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರು ಬಂದದ್ದು ಪಂಪಿನ ಬಲದಿಂದಲೇ.

ಆದರೂ ಟ್ಯಾಂಕಿನ ಮೇಲೆ ತಪ್ಪು ಹೊರಿಸುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಶವರ್ ತಲೆಯನ್ನು ತಿರುಗಿಸಿ ಬಿಚ್ಚಿ, ಬರಿಯ ಪೈಪಿನಿಂದ ನೀರು ಬಿಟ್ಟು ನೋಡಬೇಕು. ಪೈಪಿನಿಂದ ನೀರು ದಪ್ಪಗೆ ಸುರಿದರೆ ದೋಷ ಶವರ್‌ನಲ್ಲಿದೆ. ಪೈಪಿನಲ್ಲೇ ಸಣ್ಣಗಾಗಿದ್ದರೆ ಹಿಂದೆ ಎಲ್ಲೋ ಇದೆ. ಬಿಸಿ ನೀರನ್ನೂ ತಣ್ಣೀರನ್ನೂ ಬೇರೆ ಬೇರೆ ಬಿಟ್ಟರೆ ಇನ್ನೂ ಸ್ಪಷ್ಟ. ಬಿಸಿ ನೀರು ಮಾತ್ರ ಸಣ್ಣಗಿದ್ದರೆ ಗೀಸರ್ ಕಡೆ ನೋಡಬೇಕು.

ಕೋಲಾರ ಜಿಲ್ಲೆಯಲ್ಲಿ ಶವರ್ ತಲೆಯೇ ತಪ್ಪಿತಸ್ಥನಾಗುವ ಸಂದರ್ಭ ಹೆಚ್ಚು, ಕಾರಣ ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ದಶಕಗಳಿಂದ ಕೊಳವೆಬಾವಿಯನ್ನೇ ನಂಬಿದೆ. ಕಾಮಸಮುದ್ರದ ಆಸುಪಾಸಿನ ಯರಗೋಳದಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟೆ ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಕುಡಿಯುವ ನೀರು ಕೊಡಲೆಂದು ಆದದ್ದು. ಹಳ್ಳಿಯ ಬಹುಪಾಲು ಬಚ್ಚಲುಗಳಿಗೆ ಬರುವುದು ಇನ್ನೂ ಬಂಡೆಯ ಸಂದಿನ ನೀರೇ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಕಾದಾಗ, ರಂಧ್ರದ ಬಾಯಲ್ಲಿ ಹನಿ ಒಣಗಿದಾಗ, ಅವು ಸುಣ್ಣದಂತೆ ಗಟ್ಟಿಕಟ್ಟುತ್ತವೆ. ಇದೇ ಉಪ್ಪುನೀರಿನ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 200 ಮಿಲಿಗ್ರಾಂ ಗಡಸನ್ನು ಒಪ್ಪುವ ಮಿತಿ ಎಂದೂ, ಬೇರೆ ನೀರೇ ಇಲ್ಲದಾಗ 600ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. ತಪ್ಪಲೆಯ ತಳದಲ್ಲಿ ಬಿಳಿ ಪದರ ಕಾಣುವ ಮನೆಯಲ್ಲಿ ಶವರ್ ರಂಧ್ರಗಳ ಗತಿಯೂ ಅದೇ.

ಬಿಚ್ಚಿದ ತಲೆಯ ಹಿಂಬದಿಯಲ್ಲಿ ರಬ್ಬರ್ ವಾಷರ್, ಅದರೊಳಗೆ ಕಾಸಿನಗಲದ ಜಾಲರಿ ಇರುತ್ತದೆ. ಮೊದಲು ನೋಡಬೇಕಾದದ್ದು ಅಲ್ಲಿ. ಬೋರ್‌ವೆಲ್‌ನ ಸಣ್ಣ ಮರಳು, ಟ್ಯಾಂಕಿನ ಪಾಚಿಯ ಚೂರು ಅಲ್ಲೇ ಕೂತಿರುತ್ತವೆ. ಕೆಲವು ಶವರ್‌ಗಳಲ್ಲಿ ನೀರು ಉಳಿಸಲು ನಡುವೆ ಸಣ್ಣ ತೂತಿನ ಪ್ಲಾಸ್ಟಿಕ್ ಬಿಲ್ಲೆಯೂ ಇರುತ್ತದೆ. ತಾರಸಿ ಟ್ಯಾಂಕಿನ ಮನೆಗೆ ಅದರ ಅಗತ್ಯವಿಲ್ಲ, ತೆಗೆಯಬಹುದು. ನಂತರ ಬೋಗುಣಿಯಲ್ಲಿ ವಿನಿಗರ್ ಅಥವಾ ನಿಂಬೆರಸ ಹಾಕಿ ರಂಧ್ರಗಳ ಮುಖ ಮುಳುಗುವಂತೆ ಒಂದೆರಡು ಗಂಟೆ ಇಡಬೇಕು. ಸಣ್ಣ ಗುಳ್ಳೆಗಳೇಳುವುದು ಹುಳಿಗೆ ಸುಣ್ಣ ಕರಗುತ್ತಿರುವ ಗುರುತು. ರಾತ್ರಿಯಿಡೀ ಬಿಟ್ಟರೆ ಹೊಳಪು ಮಂಕಾದೀತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಉಳಿದ ರಂಧ್ರಗಳನ್ನು ಸೂಜಿಯಿಂದ ಬಿಡಿಸಿ, ತಲೆ ಜೋಡಿಸುವ ಮುನ್ನ ಪೈಪಿನಿಂದ ಅರ್ಧ ನಿಮಿಷ ನೀರು ಹರಿಯಬಿಡಬೇಕು. ಗಡಸು ನೀರಿನ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಹೊಸ ಶವರ್ ಕೊಳ್ಳುವ ಪ್ರಮೇಯ ಬಾರದು.

ಪೈಪಿನಲ್ಲೇ ನೀರು ಸಣ್ಣಗಿದ್ದರೆ ಗೇಟ್ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಬೇಕು. ರಿಪೇರಿಗೆ ಮುಚ್ಚಿದವರು ಅರ್ಧ ತೆರೆದು ಮರೆತಿರುತ್ತಾರೆ. ಹಳೆಯ ಕಬ್ಬಿಣದ ಪೈಪಾದರೆ ಒಳಗೆ ತುಕ್ಕು ಬೆಳೆದಿರುತ್ತದೆ, ಬದಲಿಸದೆ ದಾರಿಯಿಲ್ಲ. ಪೈಪಿನ ವ್ಯಾಸ ಅರ್ಧಕ್ಕಿಳಿದರೆ ಅಷ್ಟೇ ನೀರು ಸಾಗಿಸಲು ಉಜ್ಜಾಟದಲ್ಲಿ ಕಳೆಯುವ ಒತ್ತಡ ಮೂವತ್ತು ಪಟ್ಟಿನಷ್ಟಾಗುತ್ತದೆ. ಹಾಗಾಗಿ ಟ್ಯಾಂಕಿನಿಂದ ಒಂದು ಇಂಚಿನ ಪೈಪು ಇಳಿಸಿ, ಬಚ್ಚಲಿನವರೆಗೆ ಮುಕ್ಕಾಲು ಇಂಚು ತಂದು, ಅರ್ಧ ಇಂಚನ್ನು ಕೊನೆಯ ತುಂಡಿಗೆ ಮಾತ್ರ ಬಳಸಬೇಕು. ಎಲ್ಬೋಗಳು ಕಡಿಮೆಯಾದಷ್ಟೂ ಒಳ್ಳೆಯದು. ಪೈಪು ಎಲ್ಲಿಯಾದರೂ ಏರಿ ಇಳಿದಿದ್ದರೆ ಆ ಉಬ್ಬಿನಲ್ಲಿ ಗಾಳಿ ಕಟ್ಟಿ ನೀರು ತಡೆಯುತ್ತದೆ. ಟ್ಯಾಂಕಿನ ಹೊರಹರಿವಿನ ಬಳಿ ಮೇಲ್ಮುಖವಾದ ಗಾಳಿ ಪೈಪು ಇಟ್ಟರೆ ಅದು ಕಡಿಮೆಯಾಗುತ್ತದೆ.

ಇದೆಲ್ಲ ಸರಿಯಿದ್ದೂ ನೀರು ಸೋತರೆ ಆಗ ಟ್ಯಾಂಕು ಏರಿಸಬೇಕು. ಮೇಲೆ ಹೇಳಿದ ಮನೆಯಲ್ಲಿ ಅದನ್ನು ಮೂರು ಮೀಟರ್ ಏರಿಸಿದರೆ ತಳದ ಎತ್ತರ ಒಂದೂವರೆಯಿಂದ ನಾಲ್ಕೂವರೆ ಮೀಟರಾಗಿ ಒತ್ತಡ ಮೂರು ಪಟ್ಟಾಗುತ್ತದೆ, ಬರುವ ನೀರು ಸುಮಾರು 1.7 ಪಟ್ಟು. ಸಾವಿರ ಲೀಟರ್ ನೀರಿನ ತೂಕ ಒಂದು ಟನ್. ಆದ್ದರಿಂದ ಸ್ಟ್ಯಾಂಡಿನ ಕಾಲುಗಳು ಗೋಡೆಯ ಅಥವಾ ತೊಲೆಯ ಮೇಲೆ ಬರಬೇಕು, ತಾರಸಿಯ ನಡುವೆ ಸಲ್ಲದು.

ಏರಿಸಲಾಗದವರಿಗೆ ಪ್ರೆಷರ್ ಪಂಪು. ಅದು ಟ್ಯಾಂಕಿನ ಹೊರಹರಿವಿನಲ್ಲಿ ಕೂರಬೇಕು, ಟ್ಯಾಂಕು ಬರಿದಾದಾಗ ಓಡಬಾರದು. ಕರೆಂಟು ಹೋದಾಗಲೂ ನೀರು ಬರಲು ಪಕ್ಕದಲ್ಲಿ ನಾನ್-ರಿಟರ್ನ್ ವಾಲ್ವ್ ಹಾಕಿದ ಬೈಪಾಸ್ ಇರಬೇಕು. ಹಳೆಯ ಜೋಡಣೆಗಳು ಹೆಚ್ಚಿದ ಒತ್ತಡ ತಾಳುತ್ತವೆಯೇ ಎಂದು ಪ್ಲಂಬರ್ ಮೊದಲೇ ನೋಡುವುದು ಒಳಿತು. ಪಂಚಾಯಿತಿಯ ನಲ್ಲಿ ಪೈಪಿಗೇ ಮೋಟಾರು ಹಚ್ಚಿ ಹೀರುವುದು ಮಾತ್ರ ಕೂಡದು. ಮುಂದಿನ ಮನೆಗಳ ನೀರು ನಿಲ್ಲುತ್ತದೆ, ಬಿರುಕಿನ ಪೈಪಿನಲ್ಲಿ ಚರಂಡಿ ನೀರು ಒಳಸೇರುತ್ತದೆ.

ಗ್ರಾಮೀಣ ಕುಡಿಯುವ ನೀರಿನ ಯೋಜನೆಯ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ನಿಮಿಷಕ್ಕೆ ಹತ್ತು ಲೀಟರ್ ಸುರಿಯುವ ಶವರ್ ಐದು ನಿಮಿಷದಲ್ಲಿ ಅದನ್ನು ಬಹುತೇಕ ಮುಗಿಸುತ್ತದೆ; ಒಂದು ಬಕೆಟ್ಟು ಚೊಂಬಿನ ಸ್ನಾನಕ್ಕೆ ಹದಿನೈದಿಪ್ಪತ್ತು ಲೀಟರ್ ಸಾಕು. ಆದ್ದರಿಂದ ಈ ಭಾಗದ ಮನೆಗೆ ಹೊಂದುವುದು ಕಿರಿದಾದ, ಕಡಿಮೆ ರಂಧ್ರಗಳ ಶವರ್ ತಲೆ: ಅದೇ ಒತ್ತಡದಲ್ಲಿ ಕಡಿಮೆ ನೀರು, ಮೈಗೆ ತಾಗುವಂಥ ಧಾರೆ.