ನಾಯಿಯ ಬಿಸ್ಕತ್ತಿಗೆ ರಾಗಿ, ಸಿಹಿಗುಂಬಳ ಸಾಕು

ಚೆನ್ನೈಯ ಕೀಲ್ಪಾಕ್ ಮೆಡಿಕಲ್ ಕಾಲೇಜಿನ ಮುಂದೆ ಹಾದುಹೋಗುವ ಪೂನಮಲ್ಲಿ ಹೈರೋಡಿನಲ್ಲಿ ಪೂರ್ವಕ್ಕೆ ಹೊರಟರೆ ಹತ್ತಿರದಲ್ಲೇ ವೇಪೇರಿ. ಅಲ್ಲಿದೆ 1903ರಲ್ಲಿ ಆರಂಭವಾದ ಮದರಾಸು ಪಶುವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಆಸ್ಪತ್ರೆ. ಆಟೊದಲ್ಲಿ ಮಡಿಲ ಮೇಲಿಟ್ಟುಕೊಂಡು, ಸ್ಕೂಟರಿನಲ್ಲಿ ಕಾಲ ಬಳಿ ಕೂರಿಸಿಕೊಂಡು ಜನ ತಮ್ಮ ನಾಯಿಗಳನ್ನು ಇಲ್ಲಿಗೆ ತರುತ್ತಾರೆ. ವಾಂತಿ, ಭೇದಿ, ಊಟ ಬಿಟ್ಟಿದೆ ಎಂದು ಬಂದವರಿಗೆ ಯಾವ ಪಶುವೈದ್ಯರಾದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿನ್ನೆ ಏನು ತಿಂದಿತ್ತು? ಆ ಪ್ರಶ್ನೆಗೆ ಅಂಜದೆ ಉತ್ತರ ಕೊಡಬಲ್ಲಂಥ ತಿಂಡಿಯನ್ನು ನಾಯಿಗೆ ಮನೆಯಲ್ಲೇ ಮಾಡುವುದು ಹೇಗೆ ಎಂಬುದೇ ಈ ಬರಹದ ವಿಷಯ.

ನಾಯಿಗೆಂದೇ ಬಿಸ್ಕತ್ತು, ಕೇಕು ಮಾಡಿ ಮಾರುವ ಮನೆ ಬೇಕರಿಗಳು ಚೆನ್ನೈಯಲ್ಲೂ ಬೆಂಗಳೂರಿನಲ್ಲೂ ಹುಟ್ಟಿಕೊಂಡಿವೆ. ಕೀಲ್ಪಾಕ್ ಗಾರ್ಡನ್ ಕಡೆಯ ಹಳೆಯ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾದ ಮೇಲೆ ಅಂಗಳದಲ್ಲಿದ್ದ ನಾಯಿ ಸೋಫಾದ ಪಕ್ಕಕ್ಕೆ ಬಂತು, ಅದರ ಹುಟ್ಟುಹಬ್ಬವೂ ಬಂತು. ಪ್ರೀತಿ ಹೆಚ್ಚಿದ್ದು ಸಂತೋಷದ ವಿಷಯವೇ. ಆದರೆ ನಮಗೆ ರುಚಿಯಾದದ್ದು ಅದಕ್ಕೂ ರುಚಿ, ನಮಗೆ ಹಬ್ಬವಾದದ್ದು ಅದಕ್ಕೂ ಹಬ್ಬ ಎಂಬ ನಂಬಿಕೆಯೂ ಜೊತೆಗೆ ಬಂದಿದೆ. ನಾಯಿಗೆ ಬೇಯಿಸುವಾಗ ನಮ್ಮ ನಾಲಿಗೆಯ ಮಾತು ಕೇಳಬಾರದು. ಮನುಷ್ಯನ ನಾಲಿಗೆಯಲ್ಲಿ ಸುಮಾರು 9,000 ರುಚಿಮೊಗ್ಗುಗಳಿದ್ದರೆ ನಾಯಿಯ ನಾಲಿಗೆಯಲ್ಲಿರುವುದು ಸುಮಾರು 1,700. ಅದು ಮೊದಲು ಉಣ್ಣುವುದು ಮೂಗಿನಿಂದ. ಉಪ್ಪು, ಬೆಲ್ಲ, ಏಲಕ್ಕಿ ಹಾಕದ ಬಿಸ್ಕತ್ತು ನಮಗೆ ಸಪ್ಪೆ, ನಾಯಿಗೆ ಅಲ್ಲ.

ನಾಯಿ ಬಿಸ್ಕತ್ತಿಗೆ ಹೆಚ್ಚು ವಯಸ್ಸಾಗಿಲ್ಲ. 1860ರ ಸುಮಾರಿಗೆ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ ಲಂಡನ್ನಿನಲ್ಲಿ ಗೋಧಿ, ತರಕಾರಿ, ಬೀಟ್‌ರೂಟ್, ಮಾಂಸ ಸೇರಿಸಿದ ನಾಯಿ ಕೇಕುಗಳನ್ನು ಮಾರಲು ತೊಡಗಿದ. ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಗಟ್ಟಿ ಬಿಸ್ಕತ್ತುಗಳನ್ನು ನಾಯಿಗಳು ತಿನ್ನುವುದನ್ನು ಕಂಡು ಅವನಿಗೆ ಇದು ಹೊಳೆಯಿತು ಎನ್ನುತ್ತಾರೆ. ಅವನ ಕಂಪನಿಯಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕ್ರಫ್ಟ್ ಮುಂದೆ 1891ರಲ್ಲಿ ತನ್ನ ಹೆಸರಿನ ನಾಯಿ ಪ್ರದರ್ಶನ ಆರಂಭಿಸಿದ. ಅದು ಇಂದಿಗೂ ನಡೆಯುತ್ತಿದೆ. ನಾಯಿಗೆ ಪ್ರತ್ಯೇಕ ತಿಂಡಿ ಬೇಕು ಎಂಬ ಯೋಚನೆ ಜಗತ್ತಿಗೆ ಹರಡಿದ್ದು ಹೀಗೆ, ವ್ಯಾಪಾರದ ಜೊತೆಯಲ್ಲಿ.

ನಮ್ಮ ಹಳ್ಳಿಗಳಲ್ಲಿ ನಾಯಿ ಉಂಡದ್ದು ಮನೆಯವರು ಉಂಡದ್ದನ್ನೇ. ಹಳೇ ಮೈಸೂರು ಸೀಮೆಯಲ್ಲಿ ಮುದ್ದೆಯ ತುಂಡು, ಉತ್ತರ ಕರ್ನಾಟಕದಲ್ಲಿ ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ. ನಾಯಿ ಮಾಂಸಾಹಾರಿ, ಅದಕ್ಕೆ ಧಾನ್ಯ ಕೊಡುವುದೇ ತಪ್ಪು ಎಂದು ಈಗ ಕೆಲವರು ಹೇಳುತ್ತಾರೆ. ಈ ಮಾತಿಗೆ ಆಧಾರ ಗಟ್ಟಿಯಿಲ್ಲ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್‌ಸನ್ ಮತ್ತು ಸಂಗಡಿಗರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ ಹಾಗೆ, ಪಿಷ್ಟ ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನಿಗೆ ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಯಲ್ಲಿ ಅದರ ಹಲವು ಪಟ್ಟು ಇವೆ. ಬೇಸಾಯ ಮಾಡುವ ಮನುಷ್ಯನ ಜೊತೆ ಬಾಳಿ ಅದರ ಹೊಟ್ಟೆಯೂ ಧಾನ್ಯಕ್ಕೆ ಹೊಂದಿಕೊಂಡಿತು. ಇದರ ಜೊತೆಗೆ 2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಟಾಣಿ ಮತ್ತು ಬೇಳೆಕಾಳುಗಳನ್ನೇ ಮುಖ್ಯವಾಗಿ ಬಳಸಿದ, ಬಹುಪಾಲು ಧಾನ್ಯರಹಿತವಾದ ನಾಯಿ ಆಹಾರಗಳಿಗೂ ಹೃದಯದ ಸ್ನಾಯುರೋಗಕ್ಕೂ ನಂಟಿರಬಹುದೇ ಎಂದು ತನಿಖೆ ಶುರುಮಾಡಿತು. ಆ ನಂಟು ಇನ್ನೂ ಖಚಿತವಾಗಿಲ್ಲ. ಧಾನ್ಯವನ್ನು ದೂರ ಇಡಲು ಕಾರಣವಂತೂ ಸಿಕ್ಕಿಲ್ಲ.

ಮನುಷ್ಯನ ಜೊತೆ ಬಾಳಿದ ನಾಯಿಯ ಮಾತು ಬಂದಾಗ ಆತಕೂರಿನ ಕಾಳಿಯನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗದು. ಚೆನ್ನೈಗೆ ಪಶ್ಚಿಮದಲ್ಲಿ, ಅರಕ್ಕೋಣಂ ಸಮೀಪ ತಕ್ಕೋಲ ಎಂಬ ಊರಿದೆ. 949ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಅಲ್ಲಿ ಯುದ್ಧವಾಗಿ ಚೋಳ ರಾಜಕುಮಾರ ರಾಜಾದಿತ್ಯ ಮಡಿದ. ಆ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ತನ್ನೊಡೆಯ ಗಂಗ ಅರಸ ಬೂತುಗನಲ್ಲಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಮುಂದೆ ಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ತಟ್ಟುತ್ತದೆಂದು ಶಾಸನ ಕಟ್ಟುಮಾಡಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಮೇಲಿನ ಅಕ್ಕರೆ ಕನ್ನಡಿಗರಿಗೆ ನಿನ್ನೆ ಮೊನ್ನೆ ಅಪಾರ್ಟ್‌ಮೆಂಟಿನಲ್ಲಿ ಕಲಿತದ್ದಲ್ಲ.

ಈಗ ಒಲೆಯ ಹತ್ತಿರ ಬರೋಣ. ನಾನು ಮೆಚ್ಚುವ ಬಿಸ್ಕತ್ತಿಗೆ ಬೇಕಾದದ್ದು 100 ಗ್ರಾಂ ರಾಗಿ ಹಿಟ್ಟು, 50 ಗ್ರಾಂ ಗೋಧಿ ಹಿಟ್ಟು, ಸಿಪ್ಪೆ ತೆಗೆದು ಹಬೆಯಲ್ಲಿ ಬೇಯಿಸಿ ಕಿವುಚಿದ 100 ಗ್ರಾಂ ಸಿಹಿಗುಂಬಳ, ಒಂದು ಮೊಟ್ಟೆ, ಒಂದು ಟೀ ಚಮಚ ಕೊಬ್ಬರಿ ಎಣ್ಣೆ. ಕುಂಬಳದಲ್ಲೇ ಸಾಕಷ್ಟು ನೀರಿರುತ್ತದೆ, ಬೇರೆ ನೀರು ಸುರಿಯಬೇಡಿ. ರಾಗಿಗೆ ಅಂಟು ಕಡಿಮೆ. ಗೋಧಿ ಮತ್ತು ಮೊಟ್ಟೆ ಇಲ್ಲದಿದ್ದರೆ ಲಟ್ಟಿಸುವಾಗಲೇ ಬಿರುಕು ಬಿಡುತ್ತದೆ. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಹತ್ತು ನಿಮಿಷ ಮುಚ್ಚಿಟ್ಟು, ಕಾಲು ಇಂಚು ದಪ್ಪಕ್ಕೆ ಲಟ್ಟಿಸಿ, ಚಾಕುವಿನಿಂದ ಸುಮಾರು ಅರವತ್ತು ಸಣ್ಣ ಚೌಕಗಳಾಗಿ ಕೊಯ್ಯಿರಿ. ಮೂಳೆಯ ಆಕಾರದ ಅಚ್ಚು ಬೇಕಿಲ್ಲ. ಚಿಕ್ಕ ಚೌಕವೇ ಲೇಸು, ಏಕೆಂದರೆ ಮಿತಿ ಮೀರದೆ ಹೆಚ್ಚು ಸಲ ಕೊಡಬಹುದು. ಓವನ್ ಇದ್ದರೆ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ. ಇಲ್ಲದಿದ್ದರೆ ಹಳೆಯ ಕುಕ್ಕರಿನ ತಳಕ್ಕೆ ಮರಳು ಅಥವಾ ಉಪ್ಪು ಹರಡಿ, ಗ್ಯಾಸ್ಕೆಟ್ಟು ವಿಸಿಲ್ಲು ಎರಡನ್ನೂ ತೆಗೆದು, ಒಳಗೆ ಸ್ಟ್ಯಾಂಡಿನ ಮೇಲೆ ತಟ್ಟೆಯಿಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು.

ಬೆಂದರೆ ಕೆಲಸ ಮುಗಿಯಲಿಲ್ಲ. ಬೆಂಗಳೂರಿನಲ್ಲಿ ನಡೆಯುವುದು ಚೆನ್ನೈಯಲ್ಲಿ ನಡೆಯದು. ಸಮುದ್ರದ ಗಾಳಿ, ವರ್ಷವಿಡೀ ಬೆವರುವ ಹವೆ. ಮೇಲೆ ಕಂದು ಬಣ್ಣ ಬಂದು ಒಳಗೆ ಮೆತ್ತಗಿರುವ ಬಿಸ್ಕತ್ತು ಇಲ್ಲಿ ಡಬ್ಬಿಯೊಳಗೆ ಎರಡು ಮೂರು ದಿನಕ್ಕೇ ಬೂಷ್ಟು ಹಿಡಿಯಬಹುದು. ಈಶಾನ್ಯ ಮಾರುತದ ಮಳೆ ಹಿಡಿದ ಅಕ್ಟೋಬರ್–ನವೆಂಬರಿನಲ್ಲಂತೂ ಕೇಳುವುದೇ ಬೇಡ. ಆದ್ದರಿಂದ ಬೆಂದ ಚೌಕಗಳನ್ನು ಮಗುಚಿ, ಓವನ್ನಿನ ಬಿಸಿ 100 ಡಿಗ್ರಿಗೆ ಇಳಿಸಿ, ಇನ್ನೊಂದು ಗಂಟೆ ಒಣಗಿಸಬೇಕು. ಆಮೇಲೆ ಓವನ್ ಆರಿಸಿ ಅದರೊಳಗೇ ತಣಿಯಲು ಬಿಡಬೇಕು. ಮುರಿದರೆ ಟಕ್ಕೆಂದು ಸದ್ದಾಗಬೇಕು. ಬಿಸಿ ಇರುವಾಗ ಮುಚ್ಚಳ ಹಾಕಿದರೆ ಆ ಹಬೆಯೇ ಸಾಕು ಕೆಡಿಸಲು. ವಾರಕ್ಕಾಗುವಷ್ಟನ್ನು ಫ್ರಿಜ್‌ನಲ್ಲಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕುವುದು ಕ್ಷೇಮ.

ಬೂಷ್ಟನ್ನು ಕೆರೆದು ಹಾಕಿ ಉಳಿದದ್ದನ್ನು ನಾಯಿಗೆ ಕೊಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ದಯವಿಟ್ಟು ಬಿಡಿ. ಮೆಕ್ಕೆಜೋಳ, ಕಡಲೆಕಾಯಿಗಳ ಮೇಲೆ ಬೆಳೆಯುವ ಕೆಲವು ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತವೆ. ನಾಯಿಯ ಯಕೃತ್ತು ಅದನ್ನು ತಾಳದು. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಒಂದು ಕಂಪನಿಯ ನಾಯಿ ಆಹಾರದಲ್ಲಿ ಈ ವಿಷ ಮಿತಿಮೀರಿದ್ದು ಕಂಡುಬಂದು ಮಾಲನ್ನು ಹಿಂಪಡೆಯಬೇಕಾಯಿತು. ನೂರಕ್ಕೂ ಹೆಚ್ಚು ನಾಯಿಗಳ ಸಾವಿಗೆ ಅದೇ ಕಾರಣವಿರಬಹುದೆಂದು ಎಫ್‌ಡಿಎಗೆ ವರದಿಯಾಯಿತು. ಕಾರ್ಖಾನೆಯಲ್ಲೇ ಹೀಗಾದರೆ, ಮುಗ್ಗಲು ಕಡಲೆಕಾಯಿಯನ್ನು ನಾಯಿಗಾದರೂ ಆಗಲಿ ಎಂದು ಪುಡಿ ಮಾಡುವ ಅಡುಗೆಮನೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು.

ಹಾಕಬಾರದ ವಸ್ತುಗಳಲ್ಲಿ ಚಾಕೊಲೇಟ್ ಎಲ್ಲರಿಗೂ ಗೊತ್ತು. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಲಿ ಬೆಂದದ್ದಾಗಲಿ ಪುಡಿಯಾಗಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣೆ ಹತ್ತದು ಎಂಬ ಮಾತನ್ನು ನಂಬಬೇಡಿ. ಈಸ್ಟ್ ಹಾಕಿದ ಹಸಿ ಹಿಟ್ಟು ಹೊಟ್ಟೆಯೊಳಗೆ ಉಬ್ಬಿ ಮದ್ಯಸಾರವನ್ನೂ ಬಿಡುತ್ತದೆ. ಇನ್ನು ಝೈಲಿಟಾಲ್. ಕೆಲವು ಸಕ್ಕರೆರಹಿತ ತಿನಿಸು, ಚ್ಯೂಯಿಂಗ್ ಗಮ್, ಪೀನಟ್ ಬಟರ್‌ಗಳಲ್ಲಿ ಇರುವ ಈ ಸಿಹಿಕಾರಕ ನಾಯಿಯ ದೇಹದಲ್ಲಿ ಒಮ್ಮೆಲೇ ಇನ್ಸುಲಿನ್ ಏರಿಸಿ ಅರ್ಧ ಗಂಟೆಯಲ್ಲಿ ರಕ್ತದ ಸಕ್ಕರೆ ಕುಸಿಯುವಂತೆ ಮಾಡಬಲ್ಲದು. ಬಾಟಲಿಯ ಹಿಂದಿನ ಸಣ್ಣಕ್ಷರ ಓದದೆ ಪೀನಟ್ ಬಟರ್ ಹಾಕಬೇಡಿ.

ಇವೆಲ್ಲಕ್ಕಿಂತ ದಕ್ಷಿಣದ ಮನೆಗಳು ತಿಳಿಯಬೇಕಾದದ್ದು ದ್ರಾಕ್ಷಿ ಮತ್ತು ಹುಣಸೆಯ ಸಂಗತಿ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಕೆಡುವುದನ್ನು ವೈದ್ಯರು ಬಹುಕಾಲದಿಂದ ಕಂಡಿದ್ದರೂ ಕಾರಣ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿವಿಷ ತಜ್ಞರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಮರುವರ್ಷ ಪ್ರಕಟವಾದ ಅವರ ವರದಿಯಲ್ಲಿ ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ಪ್ರಕರಣವೂ ಇತ್ತು. ಹುಣಸೆಯ ಹುಳಿ ಬರುವುದು ಇದೇ ಆಮ್ಲದಿಂದ. ನಮ್ಮ ಸಾರು, ಹುಳಿ, ಗೊಜ್ಜು, ಪುಳಿಯೋಗರೆ, ಚೆನ್ನೈಯ ವತ್ತಕ್ಕುಳಂಬು ಎಲ್ಲದರ ಜೀವಾಳ ಹುಣಸೆ, ಪಾಯಸದಲ್ಲಿ ಕೇಸರಿಭಾತಿನಲ್ಲಿ ಒಣದ್ರಾಕ್ಷಿ. ತೆಳು ಸಾರನ್ನ ತಿಂದೇ ಮುದಿಯಾದ ಊರನಾಯಿಗಳು ಎಷ್ಟೋ ಇವೆ, ನಿಜ. ಎಲ್ಲ ನಾಯಿಗೂ ಒಂದೇ ಪ್ರಮಾಣ ಆಗದು ಎಂಬುದೂ ಗೊತ್ತಿದೆ. ಆದರೂ ಕಾರಣದ ಸುಳಿವು ಕಣ್ಣೆದುರಿಗೆ ಬಂದ ಮೇಲೆ ಅಪಾಯಕ್ಕೆ ಒಡ್ಡುವುದು ಸಲ್ಲದು. ನಾಯಿಯ ಪಾಲಿನ ಅನ್ನ, ತರಕಾರಿಯನ್ನು ಉಪ್ಪು, ಹುಳಿ, ಒಗ್ಗರಣೆಗೆ ಮುಂಚೆಯೇ ತೆಗೆದಿಡಿ.

ಕೇಕಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ಐಸಿಂಗು, ಬಣ್ಣ, ಕೆನೆ ಯಾವುದೂ ನಾಯಿಗೆ ಬೇಕಿಲ್ಲ. ಹುಟ್ಟುಹಬ್ಬ ಮಾಡಲೇಬೇಕೆಂದರೆ ಬೇಯಿಸಿದ ಗೆಣಸನ್ನು ಕೋಳಿಮಾಂಸದ ಜೊತೆ ಕಿವುಚಿ ಬಟ್ಟಲಲ್ಲಿ ಒತ್ತಿ ಬೋರಲು ಹಾಕಿ, ಮೇಲೆ ಒಂದು ಚಮಚ ಗಟ್ಟಿ ಮೊಸರು. ತುಪ್ಪ ಬೇಡವೇ ಬೇಡ. ಒಮ್ಮೆಲೇ ಕೊಬ್ಬು ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಬೇಕಾಗಬಹುದು.

ಎಷ್ಟು ಕೊಡಬೇಕು? ಇಲ್ಲೇ ಪ್ರೀತಿ ದಾರಿ ತಪ್ಪುವುದು. ದಿನದ ಕ್ಯಾಲೊರಿಯಲ್ಲಿ ತಿಂಡಿಯ ಪಾಲು ಶೇ 10 ಮೀರಬಾರದು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ಹತ್ತು ಕೆ.ಜಿ. ತೂಗುವ, ಸಂತಾನಹರಣವಾದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಸಾಕು. ಮೇಲೆ ಹೇಳಿದ ಇಡೀ ಹಿಟ್ಟಿನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಅರವತ್ತು ಚೌಕ ಕೊಯ್ಯಲು ಹೇಳಿದ್ದು ಇದಕ್ಕೇ: ಒಂದಕ್ಕೆ ಹತ್ತು ಕ್ಯಾಲೊರಿ, ದಿನಕ್ಕೆ ಆರು. ಅಜ್ಜಿ ಕೊಟ್ಟದ್ದು, ಮಗು ಕೊಟ್ಟದ್ದು, ವಾಚ್‌ಮನ್ ಕೊಟ್ಟದ್ದು ಎಲ್ಲ ಸೇರಿ ಆರು. ಬೆಳಿಗ್ಗೆಯೇ ಎಣಿಸಿ ಒಂದು ಬಟ್ಟಲಿಗೆ ಹಾಕಿಟ್ಟರೆ ಮನೆಯಲ್ಲಿ ಜಗಳವಿಲ್ಲ.

ಲ್ಯಾಬ್ರಡಾರ್ ಸಾಕಿದವರು ಇನ್ನೂ ಬಿಗಿಯಾಗಿರಬೇಕು. ಹೊಟ್ಟೆ ತುಂಬಿತು ಎಂಬ ಸೂಚನೆಗೆ ಸಂಬಂಧಿಸಿದ ಪಿಒಎಂಸಿ ಎಂಬ ಜೀನಿನ ತುಣುಕೊಂದು ಈ ತಳಿಯ ಸುಮಾರು ನಾಲ್ಕರಲ್ಲಿ ಒಂದು ನಾಯಿಯಲ್ಲಿ ಬಿಟ್ಟುಹೋಗಿದೆ ಎಂದು ಕೇಂಬ್ರಿಡ್ಜ್ ವಿಜ್ಞಾನಿಗಳು 2016ರಲ್ಲಿ ಕಂಡುಕೊಂಡರು. ಆ ಕಣ್ಣುಗಳ ಬೇಡಿಕೆ ನಟನೆಯಲ್ಲ, ಅದಕ್ಕೆ ನಿಜವಾಗಿಯೂ ಹಸಿವು. ಹಾಗೆಂದು ಕೊಟ್ಟರೆ ಆಯುಷ್ಯವೇ ತಗ್ಗುತ್ತದೆ. 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ಉಂಡವು ಸರಾಸರಿ ಎರಡು ವರ್ಷದಷ್ಟು ಹೆಚ್ಚು ಬದುಕಿದವು.

ಬಿಸ್ಕತ್ತು ಉಳಿದರೆ ಬೀದಿಯ ನಾಯಿಗೂ ಕೊಡುವ ಮನಸ್ಸು ಚೆನ್ನೈಯಲ್ಲಿ ಬೇಕಾದಷ್ಟಿದೆ. ಬ್ಲೂ ಕ್ರಾಸ್ ಎಂಬ ಪ್ರಾಣಿದಯಾ ಸಂಸ್ಥೆ ಹುಟ್ಟಿದ ಊರು ಇದು. 1959ರಲ್ಲಿ ಅದನ್ನು ಕಟ್ಟಿದ ಕ್ಯಾಪ್ಟನ್ ವಿ. ಸುಂದರಂ ವಿಮಾನ ಚಾಲಕರು, ಮೈಸೂರು ಮಹಾರಾಜರ ವಿಮಾನ ಹಾರಿಸಿದವರು. ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಮಾಡಿ ಬಿಡುವ ದಾರಿಯನ್ನು ಈ ಸಂಸ್ಥೆ 1964ರಲ್ಲೇ ಹಿಡಿಯಿತು, ನಗರಪಾಲಿಕೆ ಅದನ್ನು ಒಪ್ಪಿದ್ದು 1996ರಲ್ಲಿ. ಆ ದಾರಿಗೆ ಅಡ್ಡಗಲ್ಲಾಗದಂತೆ ಊಟ ಹಾಕುವುದು ನಮ್ಮ ಹೊಣೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗೆ ಉಣಿಸಲು ಜಾಗ, ಹೊತ್ತು ಗೊತ್ತುಪಡಿಸಬೇಕೆನ್ನುತ್ತವೆ. ಗೊತ್ತಾದ ಜಾಗದಲ್ಲೇ ಹಾಕಬೇಕೆಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಶಾಲೆಯ ಗೇಟಿನ ಮುಂದೆ, ಆಸ್ಪತ್ರೆಯ ಬಾಗಿಲಲ್ಲಿ ಚೆಲ್ಲಿಹೋದರೆ ಕಷ್ಟಕ್ಕೆ ಬೀಳುವುದು ಆ ನಾಯಿಯೇ.

ಈ ವಾರ ಮೊದಲ ಸಲ ಬೇಯಿಸುವವರು ಮೊದಲು ನಾಯಿಯ ತೂಕ ನೋಡಿ ಬರೆದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಅಲರ್ಜಿ ಇದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಮೊದಲ ದಿನ ಒಂದೇ ಚೌಕ ಕೊಟ್ಟು ಮರುದಿನದವರೆಗೆ ಕಾಯಿರಿ. ಡಬ್ಬಿಯ ಮೇಲೆ ಬೇಯಿಸಿದ ದಿನಾಂಕವನ್ನೂ ಹಾಕಿದ ಪದಾರ್ಥಗಳನ್ನೂ ಬರೆಯಿರಿ. ವೇಪೇರಿಯಲ್ಲಾಗಲಿ ನಿಮ್ಮೂರಿನ ಆಸ್ಪತ್ರೆಯಲ್ಲಾಗಲಿ ವೈದ್ಯರು ಕೇಳಿದಾಗ ಆ ಚೀಟಿಯನ್ನೇ ತೋರಿಸಬಹುದು.