ಆಶೆಯೂ ಪ್ರಮಾಣವೂ

ಉಸಿರಾಟದ ಯಂತ್ರವನ್ನಾಶ್ರಯಿಸಿ ಮಲಗಿರುವ ರೋಗಿಯು ತಾನು ಮಾತನಾಡಲಾರನು. ಅವನ ಪರವಾಗಿ ಒಪ್ಪಿಗೆಯ ಕಾಗದಕ್ಕೆ ರುಜು ಹಾಕತಕ್ಕವರು ಅವನ ಬಂಧುಗಳು. ಆ ಹೊತ್ತಿನಲ್ಲಿ ಅವರು ಯಾವ ಮಾತನ್ನಾದರೂ ನಂಬುವರು. ಆದುದರಿಂದ ಅವರಿಗೆ ಭರವಸೆ ನುಡಿಯುವವರ ಹೊಣೆಯು ಬಲು ದೊಡ್ಡದು. ಸ್ಟೆಮ್ ಸೆಲ್ ಎಂಬ ಆಕರಕೋಶಗಳ ಚಿಕಿತ್ಸೆಯ ವೃತ್ತಾಂತವು ಇದಕ್ಕೆ ನಿದರ್ಶನವಾಗಿದೆ.

ಈ ಕೋಶಗಳ ಮಹಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅಮೆರಿಕದ ಡಾಕ್ಟರ್ ಡಾನಲ್ ಥಾಮಸರು 1957ರಲ್ಲಿ ಅಸ್ಥಿಮಜ್ಜೆಯ ಕಸಿಯ ವರದಿಯನ್ನು ಪ್ರಕಟಿಸಿದಾಗ, ಅವರ 6 ಮಂದಿ ರೋಗಿಗಳಲ್ಲಿ ಯಾರೂ ಬಹುಕಾಲ ಬದುಕಿರಲಿಲ್ಲ. ಅದನ್ನವರು ಮರೆಮಾಚದೆ ಶೋಧನೆಯನ್ನು ಮುಂದುವರಿಸಿದರು. ರಕ್ತದ ಅರ್ಬುದಕ್ಕೆ ಆ ಕಸಿಯು ಸಿದ್ಧೌಷಧವೆನಿಸಿ, 1990ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಶ್ವಾಸಕೋಶವು ಕೆಟ್ಟು ಯಂತ್ರಕ್ಕೆ ಬಿದ್ದವರ ವಿಷಯ ಬೇರೆ. ಅವರ ರಕ್ತನಾಳದೊಳಕ್ಕೆ ಬಿಡುವ ಮೆಸೆಂಕೈಮಲ್ ಕೋಶಗಳು ಮಜ್ಜೆಯ ಕಸಿಯಂತೆ ಬೇರೂರುವುದಿಲ್ಲ. ಕೆಲವು ರಸಗಳನ್ನು ಸ್ರವಿಸಿ ಉರಿಯೂತವನ್ನು ತಗ್ಗಿಸಿಯಾವು ಎಂಬುದಷ್ಟೇ ನಿರೀಕ್ಷೆ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಮಹಾಮಾರಿಯ ನಡುವೆ, ಮೆಸೊಬ್ಲಾಸ್ಟ್ ಎಂಬ ಆಸ್ಟ್ರೇಲಿಯದ ಕಂಪೆನಿಯು ಒಂದು ವಾರ್ತೆಯನ್ನು ಸಾರಿತು: ನ್ಯೂಯಾರ್ಕಿನಲ್ಲಿ ಯಂತ್ರದ ಮೇಲಿದ್ದ 12 ಮಂದಿಗೆ ಈ ಕೋಶಗಳನ್ನು ಕೊಡಲಾಗಿ, 10 ಮಂದಿ ಬದುಕಿಕೊಂಡರು, 9 ಮಂದಿ ಯಂತ್ರದಿಂದ ಬಿಡುಗಡೆ ಹೊಂದಿದರು! ಲೋಕವು ಹರ್ಷಿಸಿತು. ಆದರೆ ಅಷ್ಟೇ ಕಾಯಿಲೆಯಿದ್ದು, ಕೋಶಗಳನ್ನು ಮಾತ್ರ ಪಡೆಯದ ಸರಿಜೋಡಿ ಗುಂಪೊಂದು ಅಲ್ಲಿರಲಿಲ್ಲ. ತಕ್ಕಡಿಗೆ ಒಂದೇ ತಟ್ಟೆಯಿದ್ದರೆ ತೂಕವು ತಿಳಿಯುವುದೆಂತು?

ಎರಡನೆಯ ತಟ್ಟೆಯನ್ನು ಬಳಿಕ ಕಟ್ಟಲಾಯಿತು. 222 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಕೋಶಗಳನ್ನೂ ಇನ್ನೊಂದಕ್ಕೆ ಹುಸಿಮದ್ದನ್ನೂ ಕೊಟ್ಟು ಪರೀಕ್ಷಿಸಿದರು. ಗುರಿ ಮುಟ್ಟುವ ಸಂಭವವು ಕಾಣದೆ, ಅದೇ ಡಿಸೆಂಬರ್‌ನಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಲಾಯಿತು. 30 ದಿನಗಳೊಳಗೆ ಮೃತರಾದವರು ಕೋಶ ಪಡೆದವರಲ್ಲಿ ಶೇಕಡಾ 37.5, ಪಡೆಯದವರಲ್ಲಿ ಶೇಕಡಾ 42.7. ಇಷ್ಟು ಅಂತರವು ಕೇವಲ ಆಕಸ್ಮಿಕದಿಂದಲೂ ಬರಬಹುದಾದುದು.

ಹಾಗಾದರೆ ಶೋಧನೆಯನ್ನೇ ಕೈಬಿಡಬೇಕೆ? ಸರ್ವಥಾ ಬೇಡ. ಥಾಮಸರು ಬಿಟ್ಟಿದ್ದರೆ ಮಜ್ಜೆಯ ಕಸಿಯೇ ಇರುತ್ತಿರಲಿಲ್ಲ. ಆದರೆ ಶೋಧನೆಯು ಬೇರೆ, ಮಾರಾಟವು ಬೇರೆ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರ ನಿಯಮಗಳಲ್ಲಿ, ಮಜ್ಜೆಯ ಕಸಿಯಂಥ ಮಾನ್ಯವಾದ ಉಪಯೋಗಗಳ ಹೊರತು, ಅನುಮತಿ ಪಡೆದ ಪ್ರಯೋಗದ ಹೊರಗೆ ಈ ಕೋಶಗಳನ್ನು ರೋಗಿಗೆ ಕೊಡುವುದು ಅಧರ್ಮವೆಂದೇ ಸಾರಿದೆ. ರುಜು ಹಾಕುವ ಮುನ್ನ ಬಂಧುಗಳು ಎರಡು ಮಾತು ಕೇಳಲಿ: ಈ ಪ್ರಯೋಗಕ್ಕೆ ಅನುಮತಿಯುಂಟೆ? ಇದಕ್ಕಾಗಿ ನಮ್ಮಿಂದ ಹಣವನ್ನೇಕೆ ಕೇಳುತ್ತೀರಿ? ನೇರವಾದ ಉತ್ತರವು ಬಾರದಿದ್ದರೆ, ಲೇಖನಿಯನ್ನು ಕೆಳಗಿಡುವುದೇ ಲೇಸು.